ಐದನೆಯ ಚಕ್ರ

ಕನ್ನಡ ಅಧ್ಯಾಪಕನೊಬ್ಬ ಜಾಕಿ, ಪಾನಗಳ ವಿಷಯ ಬರೆಯ ಹೊರಟರೆ ವಾಚಕರು ಮುಗುಳ್ನಗಬಹುದು. ನಗಲಿ. ಮಂಜು ಇಳಿಯುವ ಮುಸ್ಸಂಜೆಯಲ್ಲಿ, ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ, ಗಾಳಿ ಹೋದ ಚಕ್ರದೆದುರು ಹೆಂಡತಿ ಮಕ್ಕಳೊಡನೆ ನಿಂತವನಿಗೆ ಷಟ್ಪದಿಯ ಮಾತ್ರಾಗಣಗಳಿಗಿಂತ ಜಾಕಿಯ ಹಿಡಿ ಎಲ್ಲಿದೆ ಎಂಬುದೇ ಗಹನವಾದ ಪ್ರಶ್ನೆಯಾಗಿ ಕಾಣುತ್ತದೆ.

2017ರ ನವೆಂಬರಿನಲ್ಲಿ ನನಗೊದಗಿದ ಪಾಡು ಅದು. ಧರ್ಮಸ್ಥಳದಿಂದ ಹೊರಟು ಕೊಟ್ಟಿಗೆಹಾರದ ಕಡೆಗೆ ಘಾಟಿ ಏರುತ್ತಿದ್ದೆವು. ಚೂಪುಗಲ್ಲೊಂದು ಟಯರಿನ ಪಕ್ಕೆಯನ್ನು ಸೀಳಿತು. ಫೋನಿನಲ್ಲಿ ಸಿಗ್ನಲ್ ಇಲ್ಲ. ಜಾಕಿ ಇತ್ತು, ಪಾನ ಇತ್ತು, ಸ್ಟೆಪ್ನಿಯೂ ಇತ್ತು. ಅರ್ಧ ಗಂಟೆ ಹೆಣಗಿ ಚಕ್ರ ಬದಲಿಸಿ ಜಾಕಿಯನ್ನು ಇಳಿಸಿದೆ. ಕಾರು ಆ ಮೂಲೆಗೆ ಮೆಲ್ಲನೆ ಕುಸಿದು ಕುಳಿತಿತು. ಮೂರು ವರ್ಷ ಡಿಕ್ಕಿಯಲ್ಲಿ ಮಲಗಿದ್ದ ಆ ಚಕ್ರದಲ್ಲಿ ಗಾಳಿಯೇ ಇರಲಿಲ್ಲ. ತರಕಾರಿ ಸಾಗಿಸುವ ವ್ಯಾನಿನ ಚಾಲಕನೊಬ್ಬ ನಿಲ್ಲಿಸಿ, ಕಾಲಿನಿಂದ ತುಳಿಯುವ ಪಂಪನ್ನು ತಂದು ಗಾಳಿ ತುಂಬಿಕೊಟ್ಟ. ಹಣ ಒಲ್ಲೆನೆಂದ. ಹೊರಡುವಾಗ ಮಾತ್ರ, "ಸಾರ್, ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸ್ತೀರಿ, ಐದನೇದು ಏನು ಪಾಪ ಮಾಡಿತ್ತು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಅಜ್ಜನ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಬಿದಿರು ಗೊಟ್ಟ ತೂಗುತ್ತಿತ್ತು. ಹೊರಡುವ ಮುನ್ನ ಅವರು ಗಾಡಿಯನ್ನು ಸುತ್ತಿ ಬಂದು, ಎರಡು ಗಾಲಿಗಳ ಕಡೆಗೀಲನ್ನೂ ಮುಟ್ಟಿ ನೋಡುತ್ತಿದ್ದರು. ವಚನಕಾರರಿಗೂ ಪರಿಚಿತವಾಗಿದ್ದ ಆ ಸಣ್ಣ ಕೀಲಿನ ಮಹತ್ವವನ್ನು ನಾನು ತರಗತಿಯಲ್ಲಿ ವಿವರಿಸುತ್ತೇನೆ. ನನ್ನ ಕಾರನ್ನು ಮಾತ್ರ ಸುತ್ತಿ ಬಂದವನಲ್ಲ.

ಸ್ಟೆಪ್ನಿ ಎಂಬ ಮಾತಿನ ಮೂಲವೂ ಸ್ವಾರಸ್ಯವಾದದ್ದು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲಿ ಎಂಬ ಊರಿನಲ್ಲಿ ಸ್ಟೆಪ್ನಿ ಬೀದಿ ಎಂಬುದೊಂದಿದೆ. ಮೋಟಾರು ಗಾಡಿಗಳು ಬದಲಿ ಚಕ್ರವಿಲ್ಲದೆ ಓಡಾಡುತ್ತಿದ್ದ ಕಾಲದಲ್ಲಿ, 1904ರ ಸುಮಾರಿಗೆ, ಡೇವಿಸ್ ಸಹೋದರರು ಅಲ್ಲಿ ಬದಲಿ ಚಕ್ರವನ್ನು ಮಾಡಿ ಮಾರಿದರು. ಬೀದಿಯ ಹೆಸರು ಚಕ್ರದ ಹೆಸರಾಯಿತು. ಹುಟ್ಟಿದ ನಾಡಿನಲ್ಲಿ ಆ ಪದ ಬಹುಮಟ್ಟಿಗೆ ಮರೆತುಹೋಗಿದೆ; ನಮ್ಮ ಪಂಚರ್ ಅಂಗಡಿಗಳಲ್ಲಿ ಇಂದಿಗೂ ಜೀವಂತವಾಗಿದೆ.

ಪದ ಉಳಿದು ವಸ್ತುವೇ ಮರೆಯಾಗುವ ಕಾಲ ಬರುತ್ತಿದೆಯೆಂಬುದು ನನ್ನ ಆತಂಕ. 2020ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ತಿದ್ದಿತು. ಕಾರಿನಲ್ಲಿ ಟ್ಯೂಬಿಲ್ಲದ ಟಯರಿನ ದುರಸ್ತಿ ಸಾಮಗ್ರಿ ಮತ್ತು ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಇದ್ದರೆ ಬದಲಿ ಚಕ್ರ ಕಡ್ಡಾಯವಲ್ಲ. ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ, ಭಾರ ತಗ್ಗುತ್ತದೆ, ನಿಜ. ಮೊಳೆ ಚುಚ್ಚಿದ ತೂತಿಗೆ ಆ ಸಾಮಗ್ರಿ ಸಾಕು. ಆದರೆ ಸೀಳಿದ ಪಕ್ಕೆಗೆ ಅದರಲ್ಲಿ ಮದ್ದಿಲ್ಲ. ನಮ್ಮ ಘಾಟಿಯ ಕಲ್ಲುಗಳು ತೂತನ್ನಷ್ಟೇ ಮಾಡುತ್ತೇವೆಂದು ಯಾರಿಗೂ ಮಾತು ಕೊಟ್ಟಿಲ್ಲ.

ಹಿಂದೆ ಅಂಬಾಸಡರ್ ಇಟ್ಟವರು ಫ್ಯಾನ್ ಬೆಲ್ಟು, ಪ್ಲಗ್ಗು, ಕಂಡೆನ್ಸರ್, ನೀರಿನ ಡಬ್ಬಿ ಇವೆಲ್ಲವನ್ನೂ ಹೊತ್ತು ಹೊರಡುತ್ತಿದ್ದರು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಕಾರಿನ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ದಾರಿಯಲ್ಲಿ ನಾವು ಮಾಡಬಹುದಾದ ಔಷಧವಿಲ್ಲ. ನಮ್ಮ ಕೈಯಳವಿನಲ್ಲಿ ಉಳಿದಿರುವುದು ಕೊಂಚವೇ: ಚಕ್ರ, ಬ್ಯಾಟರಿಗೆ ಜೀವ ಕೊಡುವ ಕೇಬಲ್ಲು, ನಾಲ್ಕಾರು ಫ್ಯೂಸು, ಟಾರ್ಚು, ಹಿಂದೆ ಬರುವವರನ್ನು ಎಚ್ಚರಿಸುವ ಕೆಂಪು ತ್ರಿಕೋನ. ಈ ಕೊಂಚವನ್ನೂ ಬಿಟ್ಟುಕೊಡಬೇಕೆ? ಸ್ಟೆಪ್ನಿಯಿಲ್ಲದ ಕಾರನ್ನು ಕೊಳ್ಳುವವರು ಒಂದನ್ನು ಬೇರೆಯಾಗಿ ಕೊಂಡಿಡುವುದು ಮೇಲೆಂದು ನಾನು ಹೇಳುತ್ತೇನೆ.

ಇರಿಸಿಕೊಂಡರೆ ಸಾಲದು. ಐದನೆಯ ಚಕ್ರಕ್ಕೆ ಉಳಿದವಕ್ಕಿಂತ ಒಂದೆರಡು ಪೌಂಡು ಹೆಚ್ಚೇ ಗಾಳಿಯಿರಲಿ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಓಡದಿದ್ದರೂ ರಬ್ಬರಿಗೆ ಮುಪ್ಪುಂಟು. ನಟ್ಟುಗಳನ್ನು ಜಾಕಿ ಎತ್ತುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಎತ್ತಿದ ಮೇಲೆ ಪಾನ ಹಾಕಿ ಜಗ್ಗಿದರೆ ಚಕ್ರ ತಿರುಗುತ್ತದೆ, ಕಾರು ಜಾಕಿಯಿಂದ ಜಾರಲೂಬಹುದು. ಹ್ಯಾಂಡ್ ಬ್ರೇಕು ಹಾಕಿದ್ದರೂ ಚಕ್ರಕ್ಕೆ ಕಲ್ಲು ಕೊಡುವುದು ಲೇಸು. ಕೆಲವು ಕಾರುಗಳ ಒಂದು ನಟ್ಟಿಗೆ ಬೇರೆಯೇ ಕೀಲಿಯುಂಟು. ಅದು ಮನೆಯ ಮೇಜಿನ ಖಾನೆಯಲ್ಲಿದ್ದರೆ ಘಾಟಿಯಲ್ಲಿ ಪಾನವಿದ್ದೂ ವ್ಯರ್ಥ. ಫ್ಯೂಸು ಹತ್ತು ಆಂಪಿಯರಿನದು ಸುಟ್ಟರೆ ಹತ್ತನ್ನೇ ಹಾಕಬೇಕು. ಇಪ್ಪತ್ತನ್ನು ಹಾಕಿದರೆ ಮುಂದಿನ ಸಲ ಸುಡುವುದು ತಂತಿ.

ಇದನ್ನೆಲ್ಲ ಕಾರು ಮಾರುವವರು ಹೇಳಿಕೊಡುವುದಿಲ್ಲ. ಪರವಾನಗಿ ಕೊಡುವಾಗ ನನ್ನನ್ನು ಎಂಟರ ಆಕಾರದಲ್ಲಿ ಸುತ್ತಿಸಿದರೇ ಹೊರತು ಚಕ್ರ ಬಿಚ್ಚು ಎನ್ನಲಿಲ್ಲ. ಹಾಗಾಗಿ ಕಳೆದ ಭಾನುವಾರ ಅಂಗಳದಲ್ಲಿ ನಾನೇ ಉಪಾಧ್ಯಾಯನಾದೆ. ಕಾರು ಓಡಿಸಲು ಹೊಸದಾಗಿ ಕಲಿತ ಮಗಳು ಚಕ್ರ ಬಿಚ್ಚಿ, ಸ್ಟೆಪ್ನಿ ತೊಡಿಸಿ, ನಟ್ಟು ಬಿಗಿದು ಎದ್ದಾಗ ನಲವತ್ತು ನಿಮಿಷವಾಗಿತ್ತು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಏನು ಮೇಷ್ಟ್ರೆ, ಪಂಚರ್ರಾ?" ಎಂದರು. ಅಲ್ಲವೆಂದೆ. ಅವರು ನಂಬಲಿಲ್ಲ. ಮಗಳು ಕೈಯ ಮಸಿ ಒರಸಿಕೊಳ್ಳುತ್ತ, "ಅಪ್ಪ, ಇನ್ನೊಂದು ಸಲ ಬಿಚ್ಚಲಾ?" ಎಂದು ಕೇಳಿದಳು.