ಕುಡಿದವನಿಗೆ ದಂಡ, ಮನೆಯವರಿಗೆ ಶಿಕ್ಷೆ

ಕುಡಿದು ವಾಹನ ಚಲಾಯಿಸಿ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿ ದಂಡ ಎಂಬುದು ಇಂದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಆ ಹತ್ತು ಸಾವಿರ ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ಬಾಡಿಗೆಗೆ ಆಟೋ ಓಡಿಸುವವನ ಜೇಬಿನಲ್ಲಿ ಅಷ್ಟು ಹಣ ಇರುವುದಿಲ್ಲ. ಅದು ಪತ್ನಿಯ ಕಿವಿಯೋಲೆಯಿಂದ ಬರುತ್ತದೆ. ತಾಯಿ ಬೀಡಿ ಕಟ್ಟಿ ಕೂಡಿಟ್ಟ ಪುಡಿಗಾಸಿನಿಂದ ಬರುತ್ತದೆ. ಮಗಳ ಶಾಲಾ ಶುಲ್ಕಕ್ಕೆಂದು ತೆಗೆದಿರಿಸಿದ್ದರಿಂದ ಬರುತ್ತದೆ. ಅದೂ ಸಾಲದಿದ್ದರೆ ಬಡ್ಡಿಯ ಸಾಲದಿಂದ ಬರುತ್ತದೆ. ಕುಡಿದವನು ಒಬ್ಬ, ದಂಡ ತೆರುವವರು ಇನ್ನೊಬ್ಬರು. ಕಾನೂನಿನ ಪುಸ್ತಕದಲ್ಲಿ ಈ ಎರಡನೆಯವರ ಹೆಸರು ಎಲ್ಲೂ ಇಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಅದು ಅಪರಾಧ. ಗಾಂಜಾ ಅಥವಾ ಇನ್ನಾವುದೇ ಮಾದಕ ದ್ರವ್ಯದ ಅಮಲಿನಲ್ಲಿ ವಾಹನವನ್ನು ನಿಯಂತ್ರಿಸಲಾಗದ ಸ್ಥಿತಿಯಲ್ಲಿರುವುದೂ ಇದೇ ಕಲಮಿನಡಿ ಬರುತ್ತದೆ. ಮೊದಲ ಬಾರಿಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷಗಳವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ಮೊದಲ ತಪ್ಪಿನ ದಂಡ ಹೆಚ್ಚೆಂದರೆ 2,000 ರೂಪಾಯಿ ಇತ್ತು. ಉಸಿರು ಪರೀಕ್ಷೆಗೆ ಒಪ್ಪದಿದ್ದರೆ ಪಾರಾಗಬಹುದೆಂದು ಭಾವಿಸುವವರೂ ಇದ್ದಾರೆ. ಆ ನಿರಾಕರಣೆಯೇ ಅವರ ವಿರುದ್ಧ ಸಾಕ್ಷ್ಯವಾಗುತ್ತದೆ.

ಹೆಲ್ಮೆಟ್ ಧರಿಸದ್ದಕ್ಕೆ ರಸ್ತೆಯಲ್ಲೇ ದಂಡ ತೆತ್ತು ಮನೆಗೆ ಹೋಗಬಹುದು. ಇಲ್ಲಿ ಹಾಗಿಲ್ಲ. ಇದು ರಸ್ತೆಯಲ್ಲಿ ಇತ್ಯರ್ಥವಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ. ನ್ಯಾಯಾಲಯದ ಕಟಕಟೆಯನ್ನು ಹತ್ತಲೇಬೇಕು. 2019ರಲ್ಲಿ ಕರ್ನಾಟಕ ಸರಕಾರ ಹಲವು ಸಂಚಾರ ದಂಡಗಳನ್ನು ಇಳಿಸಿದಾಗಲೂ ಈ ದಂಡ ಇಳಿಯಲಿಲ್ಲ. ಅಪರಾಧ ಸಾಬೀತಾದರೆ ದಂಡದ ಜೊತೆ ಇನ್ನೊಂದು ಹೊಡೆತವೂ ಇದೆ. ಕಾಯ್ದೆಯ 20ನೇ ಕಲಮಿನ ಪ್ರಕಾರ ನ್ಯಾಯಾಲಯವು ಆತನನ್ನು ಕನಿಷ್ಠ ಆರು ತಿಂಗಳ ಕಾಲ ಚಾಲನಾ ಪರವಾನಿಗೆಗೆ ಅನರ್ಹಗೊಳಿಸಬೇಕು. ಸ್ವಂತ ಕಾರಿನಲ್ಲಿ ಓಡಾಡುವವನಿಗೆ ಇದು ಆರು ತಿಂಗಳ ಅನಾನುಕೂಲ. ಆಟೋ, ಲಾರಿ, ಟೆಂಪೊ ಓಡಿಸಿ ಬದುಕುವವನಿಗೆ ಇದು ಆರು ತಿಂಗಳ ಹಸಿವು. ಸಾಲದ ಕಂತು ಆರು ತಿಂಗಳು ಕಾಯುವುದಿಲ್ಲ. ಮನೆ ಬಾಡಿಗೆಯೂ ಕಾಯುವುದಿಲ್ಲ. ಅನರ್ಹತೆಯ ಅವಧಿಯಲ್ಲಿ ಕದ್ದುಮುಚ್ಚಿ ಓಡಿಸಿದರೆ ಮತ್ತೆ ಮೂರು ತಿಂಗಳವರೆಗೆ ಜೈಲು ಅಥವಾ ಇನ್ನೊಂದು ಹತ್ತು ಸಾವಿರ ದಂಡ ಅಥವಾ ಎರಡೂ. ಇಂಥ ಚಾಲಕರ ಸಂಖ್ಯೆ ನಮ್ಮ ಪಟ್ಟಣಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಎಷ್ಟಿದೆಯೆಂದು ನಾವು ಹೇಳಬೇಕಿಲ್ಲ.

ಇನ್ನು ವಿಮೆ. 'ವಿಮೆ ಇದೆಯಲ್ಲ' ಎಂಬ ಧೈರ್ಯದಲ್ಲಿರುವವರು ಪಾಲಿಸಿಯ ಷರತ್ತುಗಳನ್ನು ಓದಿರುವುದಿಲ್ಲ. ಅಮಲಿನಲ್ಲಿ ಓಡಿಸಿ ವಾಹನ ಜಖಂಗೊಂಡರೆ ವಿಮಾ ಕಂಪೆನಿ ಬಿಡಿಗಾಸು ಕೊಡಬೇಕಾಗಿಲ್ಲ. ಉಸಿರು ಪರೀಕ್ಷೆ ನಡೆಯದಿದ್ದರೂ ಸಂದರ್ಭ ಸಾಕ್ಷ್ಯದ ಮೇಲೆ ಚಾಲಕ ಕುಡಿದಿದ್ದನೆಂದು ಕಂಪೆನಿ ಸಾಬೀತುಪಡಿಸಬಹುದೆಂದು 2021ರಲ್ಲಿ ಸುಪ್ರೀಮ್ ಕೋರ್ಟ್ ಸ್ಪಷ್ಟಪಡಿಸಿದೆ. ವಾಹನದ ಮಾಲಕನೇ ಚಾಲಕನಾಗಿದ್ದರೆ ಆತನ ಸಾವಿಗೆ 15 ಲಕ್ಷ ರೂಪಾಯಿಗಳ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇದೆ. ಆದರೆ ಅಮಲಿನಲ್ಲಿದ್ದವನಿಗೆ ಅದೂ ಅನ್ವಯಿಸುವುದಿಲ್ಲ. ಅಂದರೆ, ಕುಡಿದು ಸತ್ತವನ ಪತ್ನಿ ಗಂಡನನ್ನೂ ಕಳಕೊಳ್ಳುತ್ತಾಳೆ, ಆ ಹಣವನ್ನೂ ಕಳಕೊಳ್ಳುತ್ತಾಳೆ. ಆತನ ವಾಹನದಡಿ ಬೇರೊಬ್ಬರು ಸತ್ತರೆ ಪರಿಸ್ಥಿತಿ ಇನ್ನೂ ಘೋರ. ಅಮಲಿನ ಚಾಲನೆಯನ್ನು ಮುಂದಿಟ್ಟು ಹೊಣೆಯಿಂದ ನುಣುಚಿಕೊಳ್ಳುವ ಅವಕಾಶವನ್ನು 2019ರ ತಿದ್ದುಪಡಿಯು ವಿಮಾ ಕಂಪೆನಿಗಳಿಗೆ ನೀಡಿದೆ. ಸಂತ್ರಸ್ತರಿಗೆ ಕಂಪೆನಿಯೇ ಮೊದಲು ಪರಿಹಾರ ಕೊಡಬೇಕೆಂದು ನ್ಯಾಯಮಂಡಳಿ ಆದೇಶಿಸಿದರೂ, ಆ ಮೊತ್ತವನ್ನು ವಾಹನದ ಮಾಲಕನಿಂದ ವಸೂಲು ಮಾಡುವ ದಾರಿ ತೆರೆದಿರುತ್ತದೆ. ಲಕ್ಷಗಟ್ಟಲೆ ಪರಿಹಾರ ಬಡ್ಡಿ ಸಹಿತ ವಸೂಲಿಗೆ ಬಂದಾಗ ಉಳಿಯುವುದು ಮನೆಯೊಂದೇ. ಅದೂ ಹೆಚ್ಚಾಗಿ ತಂದೆ ಕಟ್ಟಿಸಿದ ಮನೆ.

ಸಾವು ಸಂಭವಿಸಿದರೆ 185ನೇ ಕಲಮು ಹಿಂದೆ ಸರಿದು ಭಾರತೀಯ ನ್ಯಾಯ ಸಂಹಿತೆ ಮುಂದೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಈ ಸಂಹಿತೆಯು ನಿರ್ಲಕ್ಷ್ಯದಿಂದ ಉಂಟಾಗುವ ಸಾವಿಗೆ ಇದ್ದ ಎರಡು ವರ್ಷಗಳ ಗರಿಷ್ಠ ಶಿಕ್ಷೆಯನ್ನು ಐದು ವರ್ಷಕ್ಕೆ ಏರಿಸಿದೆ. ಸಾವು ಸಂಭವಿಸಬಹುದೆಂಬ ಅರಿವಿದ್ದೂ ಓಡಿಸಿದನೆಂದು ಸಾಬೀತಾದರೆ ಹತ್ತು ವರ್ಷಗಳವರೆಗೂ ಜೈಲಾಗಬಹುದು. 1999ರ ಜನವರಿಯಲ್ಲಿ ದಿಲ್ಲಿಯಲ್ಲಿ ಬಿಎಂಡಬ್ಲ್ಯು ಕಾರಿನಡಿ ಸಿಲುಕಿ ಆರು ಮಂದಿ ಸತ್ತ ಪ್ರಕರಣ ಅಂತಿಮ ತೀರ್ಪು ಕಂಡದ್ದು 2012ರಲ್ಲಿ. ಅದು ಬರೇ ನಿರ್ಲಕ್ಷ್ಯವಲ್ಲ, ಅರಿವಿದ್ದೂ ಮಾಡಿದ ನರಹತ್ಯೆ ಎಂದು ಸುಪ್ರೀಮ್ ಕೋರ್ಟ್ ಹೇಳಿತು. ಆದರೂ ಅಪರಾಧಿ ಅದಾಗಲೇ ಅನುಭವಿಸಿದ್ದ ಜೈಲುವಾಸವೇ ಸಾಕೆಂದಿತು. 50 ಲಕ್ಷ ರೂಪಾಯಿ ಕಟ್ಟುವಂತೆಯೂ ಎರಡು ವರ್ಷ ಸಮುದಾಯ ಸೇವೆ ಮಾಡುವಂತೆಯೂ ಸೂಚಿಸಿತು. ಶ್ರೀಮಂತ ಕುಟುಂಬಕ್ಕೆ ಹದಿಮೂರು ವರ್ಷ ವಕೀಲರನ್ನು ಸಾಕುವ ಶಕ್ತಿ ಇರುತ್ತದೆ. ಪೇಟೆಯ ಒಂದು ಕೋಣೆಯ ಬಾಡಿಗೆ ಮನೆಗೆ ಆ ಶಕ್ತಿ ಎಲ್ಲಿದೆ?

ನಮ್ಮ ಯುವಕರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಗಲ್ಫ್ ಉದ್ಯೋಗ ಇಂದಿಗೂ ನಮ್ಮ ಅನೇಕ ಕುಟುಂಬಗಳ ಆಸರೆ. ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇರುವವನಿಗೆ ಪಾಸ್‌ಪೋರ್ಟ್ ನಿರಾಕರಿಸಲು ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ಆತ ನ್ಯಾಯಾಲಯದ ಅನುಮತಿ ತರಬೇಕಾಗುತ್ತದೆ. ಉದ್ಯೋಗ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಕೇಳುವ ದೇಶಗಳೂ ಇವೆ. ಒಂದು ರಾತ್ರಿಯ ಅಮಲು ಒಂದು ಕುಟುಂಬದ ಹತ್ತು ವರ್ಷಗಳ ಕನಸನ್ನು ಠಾಣೆಯ ಕಡತದಲ್ಲಿ ಕಟ್ಟಿಹಾಕಬಲ್ಲದು. ಅಲ್ಲಿಗೆ ತಲುಪಿದವರೂ ನಿಶ್ಚಿಂತರಾಗಿರುವಂತಿಲ್ಲ. 2025ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಯುಎಇಯ ಹೊಸ ಸಂಚಾರ ಕಾನೂನಿನಲ್ಲಿ ಕುಡಿದು ಓಡಿಸಿದವನಿಗೆ ಜೈಲಿನ ಜೊತೆ 20,000ದಿಂದ 1,00,000 ದಿರ್ಹಮ್‌ವರೆಗೆ ದಂಡಕ್ಕೆ ಅವಕಾಶವಿದೆ.

ಹದಿನೆಂಟು ತುಂಬದ ಮಗನ ಕೈಗೆ ಪ್ರೀತಿಯಿಂದ ಬೈಕಿನ ಕೀಲಿಕೈ ಕೊಡುವ ತಂದೆಯೂ ಎಚ್ಚರ ವಹಿಸಬೇಕು. ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವೆಸಗಿದರೆ ಹೆತ್ತವರು ಅಥವಾ ವಾಹನದ ಮಾಲಕರು ತಪ್ಪಿತಸ್ಥರೆಂದೇ ಕಾನೂನು ಭಾವಿಸುತ್ತದೆ. ಅವರಿಗೆ ಮೂರು ವರ್ಷಗಳವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಿಗೆ ಸಿಗುವುದಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಕಾರು ಇಬ್ಬರು ಯುವ ಇಂಜಿನಿಯರ್‌ಗಳ ಪ್ರಾಣ ಕಸಿದಾಗ, ರಸ್ತೆ ಸುರಕ್ಷತೆಯ ಬಗ್ಗೆ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ ಆತನಿಗೆ ಮೊದಲು ಜಾಮೀನು ಸಿಕ್ಕಿತು. ದೇಶವೇ ಆಕ್ರೋಶಗೊಂಡಿತು. ರಕ್ತದ ಮಾದರಿಯನ್ನು ಬದಲಾಯಿಸಿದ ಆರೋಪದಲ್ಲಿ ವೈದ್ಯರೂ ಬಂಧಿತರಾದರು. ಹಣದಿಂದ ಮಗನನ್ನು ಉಳಿಸಬಹುದೆಂಬ ಭ್ರಮೆ ಎಷ್ಟು ಮನೆಗಳನ್ನು ಬಲಿ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಇದೊಂದು ಪಾಠ.

ಇಷ್ಟೆಲ್ಲ ಹೇಳಿದ ಮೇಲೂ ಕಾನೂನು ಕಠೋರವಾಯಿತೆಂದು ನಾವು ದೂರುವುದಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳಕೊಂಡರು. ಅಮಾಯಕನ ಜೀವದ ಮುಂದೆ ಕುಡುಕನ ಅನುಕೂಲ ದೊಡ್ಡದಲ್ಲ. ನಮ್ಮ ಪ್ರಶ್ನೆ ಬೇರೆ. ಕುಡಿದವನನ್ನು ವೃತ್ತದಲ್ಲಿ ತಡೆದು ನಿಲ್ಲಿಸುವ ಸರಕಾರ, ಕುಡಿಸುವವನನ್ನು ಏಕೆ ತಡೆಯುವುದಿಲ್ಲ? 2025-26ರ ಕರ್ನಾಟಕ ಬಜೆಟ್ ಅಬಕಾರಿ ಇಲಾಖೆಗೆ ನೀಡಿದ್ದ ಗುರಿ 40,000 ಕೋಟಿ ರೂಪಾಯಿ. ದಿನಕ್ಕೆ ಸುಮಾರು 110 ಕೋಟಿ. ಸರಕಾರಿ ಸ್ವಾಮ್ಯದ ಎಂಎಸ್‌ಐಎಲ್ ಸ್ವತಃ ಮದ್ಯದ ಮಳಿಗೆಗಳನ್ನು ನಡೆಸುತ್ತದೆ. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿದಾಗ, ಅಂಗಡಿಗಳನ್ನು ಉಳಿಸಲಿಕ್ಕಾಗಿ ಹೆದ್ದಾರಿಗಳ ಹೆಸರನ್ನೇ ಬದಲಾಯಿಸಲು ಹೊರಟ ಸರಕಾರಗಳನ್ನು ನಾವು ಕಂಡಿದ್ದೇವೆ. ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಒಂದು ಕೈಯಿಂದ ಬಾಟಲಿ ಕೊಟ್ಟು ಇನ್ನೊಂದು ಕೈಯಿಂದ ದಂಡದ ರಶೀದಿ ಕೊಡುವುದು ಇದೆಂಥ ಆಡಳಿತ?

ಆದರೆ ಸರಕಾರದತ್ತ ಬೆರಳು ತೋರಿಸಿ ನಾವು ಪಾರಾಗುವಂತಿಲ್ಲ. 'ಮದ್ಯ ಹರಾಮ್, ಆದ್ದರಿಂದ ಅದು ನಮ್ಮ ಸಮಸ್ಯೆಯಲ್ಲ' ಎಂದು ನಂಬಿ ಕುಳಿತ ಸಮುದಾಯ ನಮ್ಮದು. ಹರಾಮ್ ಎಂದು ಸಾರಿದರೆ ಅದು ಇಲ್ಲವಾಗುವುದಿಲ್ಲ. ಹೆಚ್ಚೆಂದರೆ ಮರೆಗೆ ಸರಿಯುತ್ತದೆ. ಬಾರಿನ ಹಿಂಬಾಗಿಲಿನಿಂದ ಹೊರಬರುವವರಲ್ಲಿ ನಮ್ಮ ಮಕ್ಕಳಿದ್ದಾರೆ. ಮದ್ಯದ ವಾಸನೆ ಬರುತ್ತದೆಂದು ಮಾತ್ರೆ, ಪುಡಿಗಳತ್ತ ಹೊರಳಿದವರೂ ಇದ್ದಾರೆ. ಮಗ ಕುಡಿಯುತ್ತಾನೆಂದು ಗೊತ್ತಾದಾಗ ನಾವು ಮಾಡುವುದೇನು? ಮುಚ್ಚಿಡುತ್ತೇವೆ. 'ಮದುವೆಯಾದರೆ ಸರಿಹೋಗುತ್ತಾನೆ' ಎನ್ನುತ್ತೇವೆ. ಹೀಗೆ ಯಾರದೋ ಅಮಾಯಕ ಹೆಣ್ಣುಮಗಳನ್ನು ಆತನ ದಂಡ ತೆರಲು ನೇಮಿಸುತ್ತೇವೆ. ಇದು ಮೋಸವಲ್ಲವೇ? ಪ್ರವಾದಿ ಮುಹಮ್ಮದ್(ಸ)ರು ಮದ್ಯದ ವಿಷಯದಲ್ಲಿ ಕುಡಿಯುವವನನ್ನು ಮಾತ್ರ ಖಂಡಿಸಲಿಲ್ಲ. ತಯಾರಿಸುವವನು, ಸಾಗಿಸುವವನು, ಮಾರುವವನು, ಅದರ ಬೆಲೆಯನ್ನು ತಿನ್ನುವವನು ಎಲ್ಲರನ್ನೂ ಸೇರಿಸಿ ಹತ್ತು ಬಗೆಯ ಜನರನ್ನು ಶಪಿಸಿದರು. ಮದ್ಯದಂಗಡಿಗೆ ಕಟ್ಟಡ ಬಾಡಿಗೆಗೆ ಕೊಟ್ಟವರು, ಬಾಟಲಿಗಳ ಲಾರಿಯ ಮಾಲಕರು ನಮ್ಮ ಮಸೀದಿಯ ಮುಂದಿನ ಸಾಲಿನಲ್ಲಿದ್ದಾಗ ಖತೀಬರ ಧ್ವನಿ ಏಕೆ ತಗ್ಗುತ್ತದೆ?

ನಾವು ಜಮಾಅತ್‌ಗಳ ಮುಂದೆ ಕೆಲವು ಸರಳ ಸಲಹೆಗಳನ್ನು ಇಡುತ್ತೇವೆ. ಮದ್ಯ ಮತ್ತು ಮಾದಕ ದ್ರವ್ಯದ ಬಗ್ಗೆ ವರ್ಷಕ್ಕೊಮ್ಮೆ ಖುತ್ಬಾದಲ್ಲಿ ಹೇಳಿ ಮುಗಿಸಬೇಡಿ. ಚಾಲಕರನ್ನು ಕರೆಸಿ ವಕೀಲರೊಬ್ಬರಿಂದ ಈ ಕಾನೂನುಗಳನ್ನು ವಿವರಿಸಿ. ಮದುವೆಗೆ ಮುನ್ನ ವರನ ಚಟಗಳ ಬಗ್ಗೆ ಕೇಳಿದರೆ ಸತ್ಯ ಹೇಳಿ. ವ್ಯಸನ ರೋಗವೂ ಹೌದು ಎಂಬುದನ್ನು ಒಪ್ಪಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮತ್ತು ಹಲವು ಆಸ್ಪತ್ರೆಗಳಲ್ಲಿ ಅದಕ್ಕೆ ಚಿಕಿತ್ಸೆ ಇದೆ. ಬೈಯುವ ನಾಲಗೆಗಿಂತ ಆಸ್ಪತ್ರೆಗೆ ಕರೆದೊಯ್ಯುವ ಕೈ ಹೆಚ್ಚು ಉಪಕಾರಿ. ಶಿಕ್ಷೆಗೊಳಗಾದವನ ದಂಡವನ್ನು ಬೈತುಲ್‌ಮಾಲ್‌ನಿಂದ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಆದರೆ ಆ ಆರು ತಿಂಗಳು ಆತನ ಮನೆಯ ಒಲೆ ಉರಿಯುತ್ತದೆಯೇ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂದು ವಿಚಾರಿಸುವುದು ನಮ್ಮ ಹೊಣೆ. ತಪ್ಪು ಮಾಡದವರು ಶಿಕ್ಷೆ ಅನುಭವಿಸುತ್ತಿರುವಾಗ ಮೌನವಾಗಿರುವುದು ಧರ್ಮನಿಷ್ಠೆಯಲ್ಲ.

ಮದ್ಯ ನಿಷೇಧದ ಅಂತಿಮ ಆಜ್ಞೆ ಅವತೀರ್ಣವಾದಾಗ ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಆಜ್ಞೆ ಒಂದೇ ದಿನದಲ್ಲಿ ಬಂದದ್ದಲ್ಲ ಎಂಬುದನ್ನು ಮರೆಯುತ್ತೇವೆ. ಪವಿತ್ರ ಕುರ್‌ಆನ್ ಮೊದಲು ಮದ್ಯದಲ್ಲಿ ಲಾಭಕ್ಕಿಂತ ಕೆಡುಕೇ ದೊಡ್ಡದೆಂದು ತಿಳಿಸಿತು. ಬಳಿಕ ಅಮಲಿನಲ್ಲಿ ನಮಾಝ್‌ನ ಹತ್ತಿರ ಬರಬಾರದೆಂದಿತು. ಮನಸ್ಸುಗಳು ಸಿದ್ಧವಾದ ಮೇಲೆ ಸಂಪೂರ್ಣವಾಗಿ ನಿಷೇಧಿಸಿತು. ಅಂದು ಬೀದಿಬೀದಿಗಳಲ್ಲಿ ಉಸಿರು ಪರೀಕ್ಷಿಸಲು ಯಾರೂ ನಿಂತಿರಲಿಲ್ಲ. ಪಾತ್ರೆ ಹಿಡಿದಿದ್ದ ಕೈಗಳೇ ಅದನ್ನು ಚೆಲ್ಲಿದವು. ಪೊಲೀಸರ ಯಂತ್ರ ಬಾಯಿಯ ವಾಸನೆಯನ್ನು ಅಳೆಯಬಲ್ಲದು, ಮನಸ್ಸನ್ನು ಬದಲಿಸಲಾರದು. ಆ ಕೆಲಸ ಮನೆಯದು, ಮದ್ರಸಾದ್ದು, ಮೊಹಲ್ಲಾದ್ದು. ನಾವು ಅದನ್ನು ಮಾಡದಿದ್ದರೆ, ಪ್ರತಿ ಶನಿವಾರ ರಾತ್ರಿ ಒಬ್ಬ ಕುಡಿಯುತ್ತಲೇ ಇರುತ್ತಾನೆ. ಪ್ರತಿ ಸೋಮವಾರ ನ್ಯಾಯಾಲಯದ ಮೆಟ್ಟಿಲ ಬಳಿ ಓಲೆಯಿಲ್ಲದ ಕಿವಿಯ ಒಬ್ಬ ತಾಯಿ ಕಾಯುತ್ತಲೇ ಇರುತ್ತಾಳೆ.