ಎಂಆರ್‌ಐ ಇಂಜೆಕ್ಷನ್‌ನಲ್ಲಿ ವಿಷದ ಲೋಹ ಇದೆಯೇ? ಫಾರ್ವರ್ಡ್ ಹೇಳದೆ ಬಿಟ್ಟದ್ದು

‘ಎಂಆರ್‌ಐ ಮಾಡುವಾಗ ಕೊಡುವ ಇಂಜೆಕ್ಷನ್‌ನಲ್ಲಿ ವಿಷದ ಲೋಹ ಇರುತ್ತದೆ. ಅದು ಮಿದುಳಿನಲ್ಲಿ ಕೂತುಬಿಡುತ್ತದೆ. ಎಲ್ಲರಿಗೂ ಕಳಿಸಿ.’ ಇಂಥ ಸಂದೇಶ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಪೂರ್ತಿ ಸುಳ್ಳು ಎಂದು ತಳ್ಳಿಹಾಕೋಣವೆಂದರೆ ಅದರಲ್ಲಿ ಅರ್ಧ ನಿಜವಿದೆ. ಆದರೆ ಯಾರು ಎಚ್ಚರ ವಹಿಸಬೇಕು ಎಂಬ ಮುಖ್ಯ ಮಾತೇ ಅದರಲ್ಲಿಲ್ಲ.

ಆ ಲೋಹದ ಹೆಸರು ಗ್ಯಾಡೋಲಿನಿಯಂ. ನಮ್ಮ ದೇಹದ ತುಂಬ ನೀರಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಎಂಆರ್‌ಐ ಯಂತ್ರ ದೊಡ್ಡ ಕಾಂತದ ಬಲದಿಂದ ಈ ಹೈಡ್ರೋಜನ್ ಕಣಗಳನ್ನು ಸಾಲಿಗೆ ತಂದು, ರೇಡಿಯೋ ಅಲೆಯಿಂದ ಅಲುಗಾಡಿಸಿ, ಅವು ಮತ್ತೆ ಸಾಲಿಗೆ ಮರಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುತ್ತದೆ. ಗ್ಯಾಡೋಲಿನಿಯಂ ಅಯಾನಿನಲ್ಲಿ ಜೋಡಿಯಿಲ್ಲದ 7 ಎಲೆಕ್ಟ್ರಾನುಗಳಿವೆ. ಇವುಗಳಿಂದ ಅದು ತಾನೇ ಒಂದು ಪುಟ್ಟ ಕಾಂತದಂತೆ ವರ್ತಿಸಿ, ಹತ್ತಿರದ ನೀರಿನ ಕಣಗಳು ಬೇಗ ಮರಳುವಂತೆ ಮಾಡುತ್ತದೆ. ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮಿದುಳಿನಲ್ಲಿ ಗಡ್ಡೆಯೋ ಟಿಬಿಯ ಸೋಂಕೋ ಇದ್ದರೆ ಅಲ್ಲಿನ ರಕ್ತನಾಳ ಸೋರುತ್ತದೆ, ಔಷಧಿ ಅಲ್ಲಿಗೆ ಇಳಿಯುತ್ತದೆ, ಸಾದಾ ಸ್ಕ್ಯಾನ್‌ನಲ್ಲಿ ಮಸುಕಾಗಿದ್ದದ್ದು ಎದ್ದು ಕಾಣುತ್ತದೆ. ಹೆದರಿ ಇಂಜೆಕ್ಷನ್ ಬೇಡ ಎಂದವರು ಕಳೆದುಕೊಳ್ಳುವುದು ಇದನ್ನೇ.

ಯಂತ್ರದ ಕಾಂತ ಈ ಲೋಹವನ್ನು ಮೈಯೊಳಗಿಂದ ಎಳೆದುಬಿಡುತ್ತದೆ ಎಂಬ ಭಯ ಬೇಡ. ಇದು ಕಬ್ಬಿಣದ ಚೂರಲ್ಲ, ದ್ರವದಲ್ಲಿ ಕರಗಿರುವ ಸಂಯುಕ್ತ.

ಇನ್ನು ವಿಷದ ಮಾತು. ಗ್ಯಾಡೋಲಿನಿಯಂ ಹಾಗೆಯೇ ಬಿಡಿಯಾಗಿ ರಕ್ತಕ್ಕೆ ಹೋದರೆ ನಿಜಕ್ಕೂ ವಿಷ. ಗಾತ್ರದಲ್ಲಿ ಕ್ಯಾಲ್ಸಿಯಂಗೆ ಹತ್ತಿರವಿರುವುದರಿಂದ ನರ, ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಓಡಾಡುವ ದಾರಿಗೆ ಅಡ್ಡ ಕೂರುತ್ತದೆ. ಅದಕ್ಕಾಗಿಯೇ ಅದನ್ನು ಇನ್ನೊಂದು ದೊಡ್ಡ ಅಣುವಿನೊಳಗೆ ಕಟ್ಟಿ ಕೊಡುತ್ತಾರೆ. ಕಟ್ಟುವ ಬಗೆ ಎರಡು. ಲೀನಿಯರ್ ಬಗೆ ತೊಗರಿ ಮೂಟೆಗೆ ಹಗ್ಗ ಸುತ್ತಿದ ಹಾಗೆ. ಮ್ಯಾಕ್ರೋಸೈಕ್ಲಿಕ್ ಬಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ. ಕಿಡ್ನಿ ಚೆನ್ನಾಗಿದ್ದರೆ 24 ಗಂಟೆಯೊಳಗೆ ಶೇ 90ಕ್ಕೂ ಹೆಚ್ಚು ಔಷಧಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಕಿಡ್ನಿ ಸೋತಿದ್ದರೆ ಮೂಟೆ ದಾರಿಯಲ್ಲೇ ದಿನಗಟ್ಟಲೆ ಉಳಿಯುತ್ತದೆ, ಹಗ್ಗ ಸಡಿಲವಾಗುತ್ತದೆ.

ಹಾಗೆ ಆದದ್ದೂ ಉಂಟು. ಮೊದಲ ಗ್ಯಾಡೋಲಿನಿಯಂ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. 1997ರ ನಂತರ ಅಲ್ಲಿ ಕೆಲವು ಕಿಡ್ನಿ ರೋಗಿಗಳ ಚರ್ಮ ಹಲಗೆಯಂತೆ ಗಟ್ಟಿಯಾಗಿ, ಕೈಕಾಲು ಮಡಚಲಾಗದ ಹೊಸ ಕಾಯಿಲೆ ಕಂಡಿತು. ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಎಂದು ಅದರ ಹೆಸರು; ಕೆಲವರು ಸತ್ತೂಹೋದರು. ಇದಕ್ಕೂ ಗ್ಯಾಡೋಲಿನಿಯಂಗೂ ನಂಟಿದೆ ಎಂದು ಯುರೋಪಿನ ವೈದ್ಯರು ಗುರುತಿಸಿದ್ದು 2006ರಲ್ಲಿ, ಅಂದರೆ ಔಷಧಿ ಬಂದು 18 ವರ್ಷ ಕಳೆದ ಮೇಲೆ. ಮರುವರ್ಷವೇ ಅಮೆರಿಕ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಮೊದಲೇ ಕಿಡ್ನಿ ಪರೀಕ್ಷೆ ಮಾಡುವುದು, ಬೀಗದ ಪೆಟ್ಟಿಗೆಯ ಬಗೆಯನ್ನೇ ಬಳಸುವುದು ರೂಢಿಯಾದ ಮೇಲೆ ಈ ಕಾಯಿಲೆ ತೀರ ಅಪರೂಪವಾಗಿದೆ.

ಮಿದುಳಿನ ಮಾತೂ ಕಟ್ಟುಕತೆಯಲ್ಲ. ಲೀನಿಯರ್ ಬಗೆಯನ್ನು ಹಲವು ಸಲ ಪಡೆದವರ ಮಿದುಳಿನಲ್ಲಿ ಅದರ ಗುರುತು ಉಳಿದಿರುವುದನ್ನು 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. 2017ರಲ್ಲಿ ಯುರೋಪ್ ಲೀನಿಯರ್ ಬಗೆಯ ಹೆಚ್ಚಿನ ಬಳಕೆಯನ್ನು ನಿಲ್ಲಿಸಿತು. ಅಮೆರಿಕ ನಿಲ್ಲಿಸಲಿಲ್ಲ, ರೋಗಿಗೆ ವಿಷಯ ತಿಳಿಸಬೇಕು ಎಂದಿತು. ಕಿಡ್ನಿ ಸರಿಯಿದ್ದವರಲ್ಲಿ ಹೀಗೆ ಉಳಿದದ್ದರಿಂದ ನೇರ ಹಾನಿಯಾಗಿದೆ ಎಂದು ಅಲ್ಲಿನ ಔಷಧ ಸಂಸ್ಥೆಗೆ ಕಂಡುಬಂದಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಯುರೋಪಿನ ದಾರಿಯೇ ಸರಿ: ಬೀಗದ ಪೆಟ್ಟಿಗೆ ಸಿಗುವಾಗ ಹಗ್ಗದ ಮೂಟೆ ಯಾಕೆ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಎಷ್ಟೋ ಕುಟುಂಬಗಳಿಗೆ ದೊಡ್ಡ ಸ್ಕ್ಯಾನ್ ಎಂದರೆ ಬೀದರ್, ಕಲಬುರಗಿ, ಇಲ್ಲವೇ ಸೊಲ್ಲಾಪುರ, ಹೈದರಾಬಾದಿನ ಬಸ್ಸು ಹಿಡಿಯುವುದು. ಅಲ್ಲಿ ಹೋದ ಮೇಲೆ ಕಿಡ್ನಿ ರಿಪೋರ್ಟ್ ಇಲ್ಲ ಎಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು. ಹಾಗಾಗಿ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ಊರಿನ ಲ್ಯಾಬ್‌ನಲ್ಲೇ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಶುಗರ್, ಬಿಪಿ ಬಹಳ ವರ್ಷದಿಂದ ಇರುವವರು ಇದನ್ನು ಮರೆಯಬಾರದು, ಕಿಡ್ನಿ ಸದ್ದಿಲ್ಲದೆ ಸೋತಿರಬಹುದು. ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಇಜಿಎಫ್‌ಆರ್ ಸಂಖ್ಯೆ 30ಕ್ಕಿಂತ ಕಡಿಮೆಯಿದ್ದರೆ, ಡಯಾಲಿಸಿಸ್ ನಡೆಯುತ್ತಿದ್ದರೆ, ಬಸುರಿಯಾಗಿದ್ದರೆ, ಹಿಂದೆ ಇಂಥ ಇಂಜೆಕ್ಷನ್‌ನಿಂದ ಅಲರ್ಜಿಯಾಗಿದ್ದರೆ ಮೊದಲೇ ಹೇಳಲೇಬೇಕು. ಹೇಳಿದ ಮಾತ್ರಕ್ಕೆ ಸ್ಕ್ಯಾನ್ ನಿಲ್ಲುವುದಿಲ್ಲ. ತೀರ ಅಗತ್ಯವಿದ್ದರೆ ಕಿಡ್ನಿ ರೋಗಿಗೂ ಮ್ಯಾಕ್ರೋಸೈಕ್ಲಿಕ್ ಬಗೆಯನ್ನು ಕೊಡುವುದುಂಟು.

ಕೌಂಟರಿನಲ್ಲಿ ಕೇಳಲು ಸಂಕೋಚ ಬೇಡ. ‘ನಮ್ಮ ಅವ್ವಗ ಶುಗರ್ ಅದರಿ, ಕಿಡ್ನಿ ರಿಪೋರ್ಟ್ ನೋಡ್ರಿ, ಯಾವ ಇಂಜೆಕ್ಷನ್ ಕೊಡ್ತೀರಿ?’ ಎಂದರೆ ಸಾಕು. ಗ್ಯಾಡೋಟೆರೇಟ್, ಗ್ಯಾಡೋಬ್ಯುಟ್ರಾಲ್, ಗ್ಯಾಡೋಟೆರಿಡಾಲ್ ಬೀಗದ ಪೆಟ್ಟಿಗೆಯವು. ಗ್ಯಾಡೋಡಯಮೈಡ್ ಹಗ್ಗದ ಮೂಟೆ. ಕೊಟ್ಟ ಔಷಧಿಯ ಹೆಸರನ್ನು ರಿಪೋರ್ಟ್ ಮೇಲೆ ಬರೆಸಿಕೊಳ್ಳಿ, ಮುಂದಿನ ಸ್ಕ್ಯಾನ್‌ಗೆ ಬೇಕಾಗುತ್ತದೆ. ಬರೀ ಬೆನ್ನುನೋವು, ಡಿಸ್ಕ್ ಸರಿದಿದೆಯೇ ಎಂದು ನೋಡುವ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಇಂಜೆಕ್ಷನ್ನೇ ಬೇಕಾಗುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಕೊಡುವುದು ಅಯೋಡಿನ್ ಇರುವ ಬೇರೆಯೇ ಔಷಧಿ, ಎರಡನ್ನೂ ಬೆರೆಸಿಕೊಳ್ಳಬೇಡಿ. ಸ್ಕ್ಯಾನ್ ಮುಗಿದ ಮೇಲೆ ‘ಲೋಹ ಇಳಿಸುವ’ ಕೊತ್ತಂಬರಿ ರಸದ ಫಾರ್ವರ್ಡ್ ಬಂದರೆ, ಕೊತ್ತಂಬರಿಯನ್ನು ಸಾರಿಗೆ ಹಾಕಿಕೊಳ್ಳಿ.