ಎರಡು ಚುಕ್ಕೆಗಳ ನಡುವೆ

ಒಂದೇ ಅಳತೆಯಿಂದ ವೇಗವನ್ನು ಕಂಡುಹಿಡಿಯಲಾಗದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ರೈಲುಗಾಡಿ ಈಗ ಎಲ್ಲಿದೆಯೆಂದಷ್ಟೆ ತಿಳಿದರೆ, ಅದು ಓಡುತ್ತಿದೆಯೋ ನಿಂತಿದೆಯೋ ಹೇಳುವಂತಿಲ್ಲ. ಶಿಶುಗಳ ಬೆಳವಣಿಗೆಯ ವಿಷಯದಲ್ಲಿ ಮಾತ್ರ ನಾವು ಈ ಪಾಠವನ್ನು ಮರೆತುಬಿಡುತ್ತೇವೆ.

ವರ್ಷ ತುಂಬಿದ ಇಬ್ಬರು ಹೆಣ್ಣುಮಕ್ಕಳನ್ನು ಊಹಿಸಿಕೊಳ್ಳೋಣ. ಇಬ್ಬರ ತೂಕವೂ 8 ಕಿಲೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನಕಗಳಂತೆ ಇದು ಆತಂಕಪಡಬೇಕಾದ ತೂಕವಲ್ಲ. ಆದರೆ ಒಂಬತ್ತನೆಯ ತಿಂಗಳಿನಲ್ಲಿ ಒಬ್ಬಳು 7.3 ಕಿಲೋಗ್ರಾಂ ಇದ್ದಳು. ಇನ್ನೊಬ್ಬಳು ಆಗಲೇ 8 ಇದ್ದಳು. ಮೊದಲನೆಯವಳು ತನ್ನ ದಾರಿಯಲ್ಲಿ ಏರುತ್ತಿದ್ದಾಳೆ. ಎರಡನೆಯವಳ ತೂಕ ಮೂರು ತಿಂಗಳಿನಿಂದ ನಿಂತಿದೆ. ಆಹಾರ ಸಾಲದೋ, ಒಳಗೆ ಕಾಯಿಲೆಯುಂಟೋ, ವೈದ್ಯರು ನೋಡಬೇಕಾದುದು ಅವಳನ್ನು. ದಿನವೂ ಎತ್ತಿ ಆಡಿಸುವ ತಾಯಿಯ ಕಣ್ಣಿಗೆ ಈ ನಿಲುಗಡೆ ಕಾಣದು.

ಅಳೆಯುವ ಏರ್ಪಾಡು ಇಲ್ಲವೆಂದಲ್ಲ. 1975ರಲ್ಲಿ ಆರಂಭವಾದ ಯೋಜನೆಯ ಫಲವಾಗಿ ಊರೂರಿನಲ್ಲಿ ಅಂಗನವಾಡಿಗಳುಂಟು. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ರೇಖಾಚಿತ್ರವೂ ಅಚ್ಚಾಗಿದೆ. ಆದರೆ ಜನರು ಶಿಶುವನ್ನು ಆರೋಗ್ಯ ಕೇಂದ್ರಕ್ಕೆ ಒಯ್ಯುವುದು ಕಾಯಿಲೆಗೆ, ಇಲ್ಲವೆ ಸೂಜಿಮದ್ದಿಗೆ. ಒಂಬತ್ತನೆಯ ತಿಂಗಳ ದಡಾರದ ಲಸಿಕೆಯಾದ ಮೇಲೆ ಮುಂದಿನ ಸೂಜಿ ಹದಿನಾರನೆಯ ತಿಂಗಳಿಗೆ. ಅದಾದರೆ ಐದನೆಯ ವರ್ಷಕ್ಕೆ. ಮಗು ನಡೆಯಲು, ನುಡಿಯಲು ಕಲಿಯುವುದು ಈ ನಡುವೆಯೇ.

ಇದಕ್ಕೆ ತಾಯಂದಿರ ಅಜ್ಞಾನವೇ ಕಾರಣವೆಂದು ಭಾಷಣ ಮಾಡುವವರ ಮಾತನ್ನು ನಾನು ಒಪ್ಪಲಾರೆ. ಕೂಲಿಯ ಹೆಂಗಸು ಬೆಳಗಿನ ಹೊತ್ತು ಸರದಿಯಲ್ಲಿ ನಿಂತರೆ ಆ ದಿನದ ಕೂಲಿ ಹೋದಂತೆಯೇ. ಅಷ್ಟು ತೆತ್ತು ಬಂದವಳ ಮಗುವನ್ನು ತೂಗಿ, ಅಂಕಿ ಗೀಚಿ, ಕಾರ್ಡನ್ನು ಮಡಿಸಿ ಕೊಟ್ಟುಬಿಟ್ಟರೆ ಅವಳು ಮತ್ತೆ ಏಕೆ ಬಂದಾಳು? ತಿಂಗಳಿಗೊಂದು ಸಂಜೆಯಾದರೂ ತಪಾಸಣೆ ನಡೆಯಲಿ. ಮುಂದಿನ ದಿನವನ್ನು ದೂರವಾಣಿಯಲ್ಲಿ ನೆನಪಿಸಲಿ. ಲಸಿಕೆಗೆ ಬರುವವರ ಸಂಖ್ಯೆ ಇದರಿಂದ ಹೆಚ್ಚುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಎಲ್ಲಕ್ಕಿಂತ ಮಿಗಿಲಾಗಿ, ಗೆರೆಯನ್ನು ಅವಳಿಗೆ ತೋರಿಸಲಿ. ನೈಜೀರಿಯದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಡೇವಿಡ್ ಮಾರ್ಲಿಯವರು ಇಂಥ ಕಾರ್ಡನ್ನು ರೂಪಿಸಿ ತಾಯಿಯ ವಶಕ್ಕೇ ಕೊಟ್ಟರು. ಅಕ್ಷರ ಬಾರದವಳಿಗೂ ಏರುವ ಗೆರೆ ಯಾವುದು, ಮಲಗಿದ ಗೆರೆ ಯಾವುದು ಎಂದು ತೋರಿಸಿಕೊಟ್ಟರೆ ತಿಳಿಯುತ್ತದೆ.

ವಿದ್ಯಾರ್ಥಿಮಿತ್ರರೆ, ನಿಮ್ಮ ಮನೆಯಲ್ಲಿ ಎಳೆಯ ತಂಗಿಯೋ ಅಕ್ಕನ ಮಗುವೋ ಇದ್ದರೆ ಆ ಕಾರ್ಡನ್ನು ತೆಗೆದು ನೋಡಿ. ನಾನೂ ನೋಡಿದೆ. ಪ್ರಯೋಗಶಾಲೆಯಲ್ಲಿ ಅಳತೆಗಳು ಸಾಲವೆಂದು ಹುಡುಗರನ್ನು ಗದರುವವನು ನಾನು. ನನ್ನ ಮಗಳ ಕಾರ್ಡಿನಲ್ಲಿ ಒಂಬತ್ತನೆಯ ತಿಂಗಳಿನಿಂದ ಈಚೆಗೆ ಒಂದು ಚುಕ್ಕೆಯೂ ಇರಲಿಲ್ಲ. ಅವಳಿಗೀಗ ಹದಿನೆಂಟು ತಿಂಗಳು. ಕಳೆದ ವಾರ ತೂಗಿಸಿ ಹೊಸ ಚುಕ್ಕೆಯಿಟ್ಟೆವು. ಎರಡನ್ನೂ ಕೂಡಿಸಿ ಗೆರೆ ಎಳೆಯಲು ನನಗೆ ಕೈಬರಲಿಲ್ಲ.